ಬೆನ್ನಿನ ನೀರಿನ ಪರೀಕ್ಷೆಗೆ ಹೆದರಬೇಕಿಲ್ಲ

ಫಿಟ್ಸ್ ಒಂದು ಲಕ್ಷಣ, ಅದೇ ಕಾಯಿಲೆಯಲ್ಲ. ಅದರ ಜೊತೆಗೆ ಮರೆವು, ಮಂಕುತನ, ನಡವಳಿಕೆಯಲ್ಲಿ ಏರುಪೇರು ಕಾಣಿಸಿಕೊಂಡರೆ ಮಿದುಳಿಗೆ ಸೋಂಕು ತಗುಲಿದೆಯೇ ಎಂಬುದನ್ನು ತಡಮಾಡದೆ ನೋಡಬೇಕು. ಕ್ಷಯದಿಂದ ಬರುವ ಮಿದುಳುಜ್ವರ, ನರಮಂಡಲಕ್ಕೆ ಇಳಿದ ಸಿಫಿಲಿಸ್, ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಕಟ್ಟುವ ಗುಳ್ಳೆಗಳು, ಇವೆಲ್ಲಕ್ಕೂ ಔಷಧವಿದೆ. ಫಿಟ್ಸ್ ಮಾತ್ರೆಯೊಂದನ್ನೇ ನುಂಗುತ್ತಿದ್ದರೆ ಸೆಳೆತ ನಿಂತೀತು, ಒಳಗಿನ ಸೋಂಕು ನಿಲ್ಲದು. ಹಂದಿಮಾಂಸ ಮುಟ್ಟದ ಮನೆಗೆ ಲಾಡಿಹುಳುವಿನ ಕಾಯಿಲೆ ಬರದೆಂಬ ನಂಬಿಕೆಯೂ ತಪ್ಪು. ಈ ಗುಳ್ಳೆಗಳಿಗೆ ಕಾರಣವಾಗುವ ಮೊಟ್ಟೆಗಳು ಮನುಷ್ಯರ ಮಲದಿಂದ ಕೈಗೆ, ನೀರಿಗೆ, ತೊಳೆಯದ ಸೊಪ್ಪಿಗೆ ಸೇರುತ್ತವೆ; ಸಸ್ಯಾಹಾರಿಗಳಿಗೂ ಅಪಾಯವಿದೆ.

ಗುಳ್ಳೆಗಳನ್ನು ಸ್ಕ್ಯಾನ್ ತೋರಿಸುತ್ತದೆ. ಉಳಿದ ಹಲವು ಸೋಂಕುಗಳ ಪತ್ತೆಗೆ ಬೆನ್ನಿನ ನೀರೇ, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವೇ ಬೇಕು. ‘ನೀರು ತೆಗೆದರೆ ಕಾಲು ಸ್ವಾಧೀನ ತಪ್ಪುತ್ತದೆ’ ಎಂದು ಅಡ್ಡಿಪಡಿಸುವವರ ಭಯ ಸಹಜವೇ, ಆದರೆ ಅದಕ್ಕೆ ಆಧಾರವಿಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಇಳಿಸುವುದು ಅದಕ್ಕಿಂತ ಕೆಳಗಿನ ಮೂಳೆಗಳ ಸಂದಿಯಲ್ಲಿ. ರೋಗಿ ಮಗ್ಗುಲಾಗಿ ಮಲಗಿ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದರೆ ಆ ಸಂದು ತೆರೆದುಕೊಳ್ಳುತ್ತದೆ, ಕೆಲವು ಮಿಲಿಲೀಟರ್ ನೀರು ಹನಿಹನಿಯಾಗಿ ಇಳಿಯುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್‌ನಷ್ಟು ಈ ನೀರನ್ನು ದೇಹವೇ ಹೊಸದಾಗಿ ತಯಾರಿಸುತ್ತದೆ. ಕೆಲವರಿಗೆ ನಾಲ್ಕಾರು ದಿನ ತಲೆನೋವು ಇರಬಹುದು. ಮಿದುಳಿನಲ್ಲಿ ಗಡ್ಡೆಯೋ ಬಾವೋ ಇದ್ದರೆ ಅಪಾಯ ನಿಜ. ಅಂಥ ಸಂಶಯವಿದ್ದಾಗ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುವುದು ಅದಕ್ಕಾಗಿಯೇ.

ಗುಣವಾಗದ ಕಾಯಿಲೆಯೇ ಪತ್ತೆಯಾದರೆ ಏನು ಲಾಭ ಎಂದು ಕೇಳಬಹುದು. ಎಳವೆಯಲ್ಲಿ ದಡಾರ ಬಂದು ಹೋದ ಮಗುವಿನ ಮಿದುಳಿನಲ್ಲಿ ಅಪರೂಪಕ್ಕೆ ಆ ವೈರಸ್ ಉಳಿದು, ವರ್ಷಗಳ ಬಳಿಕ ಓದು ಹಿಂದೆ ಬೀಳುತ್ತದೆ, ಮೈ ಗಕ್ಕನೆ ಜರ್ಕು ಹೊಡೆಯುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿಯ ವಿಶಿಷ್ಟ ಅಲೆಗಳು ಮತ್ತು ಬೆನ್ನಿನ ನೀರಿನಲ್ಲಿರುವ ದಡಾರದ ಪ್ರತಿಕಾಯಗಳು ಇದನ್ನು ಗುರುತಿಸುತ್ತವೆ. ಪೂರ್ಣ ಗುಣಪಡಿಸುವ ಮದ್ದಿಲ್ಲ, ನಿಜ. ಆದರೂ ಹೆಸರು ಗೊತ್ತಾದರೆ ಹೆತ್ತವರ ಅಲೆದಾಟ ನಿಲ್ಲುತ್ತದೆ. ಒಂಬತ್ತು ತಿಂಗಳು ತುಂಬಿದಾಗ ಮತ್ತು ಒಂದೂವರೆ ವರ್ಷದ ಆಸುಪಾಸಿನಲ್ಲಿ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆ ಯಾಕೆ ಬೇಕೆಂಬುದು ಊರಿಗೂ ಮನವರಿಕೆಯಾಗುತ್ತದೆ.

2018ರಲ್ಲಿ ಕೇರಳದಲ್ಲಿ ಹರಡಿದ, ಮಿದುಳಿಗೂ ಸೋಂಕು ತಗುಲಿಸುವ ನಿಪಾ ವೈರಸ್ಸನ್ನು ಗುರುತಿಸಿದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಇಂಥ ಪರಿಣತಿ ಹತ್ತಿರದಲ್ಲೇ ಇದ್ದೂ ಕಾಪು, ಕಾರ್ಕಳದ ರೋಗಿಗಳು ಭಯದಿಂದ ಪರೀಕ್ಷೆ ತಪ್ಪಿಸಿಕೊಳ್ಳುವಂತಾಗಬಾರದು. ಒಪ್ಪಿಗೆಯ ಕಾಗದಕ್ಕೆ ಸಹಿ ಕೇಳುವ ಮೊದಲು ಸೂಜಿ ಎಲ್ಲಿ ಇಳಿಯುತ್ತದೆ, ಯಾಕೆ ಬೇಕು ಎಂಬುದನ್ನು ಕನ್ನಡದಲ್ಲೋ ತುಳುವಿನಲ್ಲೋ ಕೂರಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ. ಉಡುಪಿ ಜಿಲ್ಲೆಯ ಪ್ರತಿ ಆಸ್ಪತ್ರೆಯೂ ಅದನ್ನು ಕಡ್ಡಾಯ ಮಾಡಿಕೊಳ್ಳಬೇಕು.