ಮಗಳು ಟೀಚರ್ ಆಗಿ ದುಬೈಗೆ ಹೊರಟರೆ ಏನು ಕೇಳಬೇಕು?

ಕಳೆದ ತಿಂಗಳು ಅಸರ್ ನಮಾಝ್ ಮುಗಿಸಿ ಬರುವಾಗ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಉಮ್ಮ ಮದ್ರಸದ ಬಾಗಿಲಲ್ಲಿ ಕಾಯುತ್ತಿದ್ದರು. "ಉಸ್ತಾದ್, ನೀವು ಅವಳಿಗೆ ಸ್ವಲ್ಪ ಬುದ್ಧಿ ಹೇಳಬೇಕು. ದುಬೈಯ ಶಾಲೆಯಲ್ಲಿ ಕೆಲಸ ಸಿಕ್ಕಿದೆಯಂತೆ. ಒಬ್ಬಳೇ ಹೋಗ್ತೇನೆ ಅಂತ ಹಠ" ಅಂದರು. ಹುಡುಗಿಗೆ 25 ವರ್ಷ. ಬಿಎಸ್ಸಿ, ಬಿಎಡ್ ಮುಗಿಸಿ ಎರಡು ವರ್ಷ ಊರಿನ ಶಾಲೆಯಲ್ಲಿ ಗಣಿತ ಕಲಿಸಿದ್ದಾಳೆ. ದುಡಿಯಬೇಕು, ರಜೆಯಲ್ಲಿ ಉಮ್ರಾ ಮಾಡಬೇಕು, ನಾಲ್ಕು ಊರು ನೋಡಬೇಕು ಎಂಬುದು ಅವಳ ಆಸೆ.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಇದೇ ಮನೆಯ ಹುಡುಗ 19ನೇ ವಯಸ್ಸಿಗೆ ಓದು ಅರ್ಧಕ್ಕೆ ಬಿಟ್ಟು ಕೆಫೆಟೇರಿಯಾ ಕೆಲಸಕ್ಕೆ ಹೊರಟಾಗ ಬುದ್ಧಿ ಹೇಳಿಸಲು ಯಾರೂ ಬಂದಿರಲಿಲ್ಲ. ದುಆ ಮಾಡಿಸಲು ಮಾತ್ರ ಬಂದಿದ್ದರು.

ಕೆಲಸ ಮಾಡುತ್ತಾ ಲೋಕ ನೋಡುವುದು ನಮಗೆ ಹೊಸತಲ್ಲ. ಇಬ್ನ್ ಬತೂತ 1325ರಲ್ಲಿ, 21ರ ಹರೆಯದಲ್ಲಿ, ಟ್ಯಾಂಜಿಯರ್‌ನಿಂದ ಒಬ್ಬರೇ ಹೊರಟವರು. ದಿಲ್ಲಿಯಲ್ಲೂ ಮಾಲ್ದೀವ್ಸ್‌ನಲ್ಲೂ ಖಾಝಿಯಾಗಿ ದುಡಿದರು. ನಮ್ಮ ಮಂಗಳೂರನ್ನೂ ನೋಡಿದರು. ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ, ಪಾಠ ಹೇಳುತ್ತಿದ್ದ ಶಾಫಿ ಖಾಝಿಯವರು ಮಅಬರ್‌ನವರೆಂದೂ ಬರೆದಿಟ್ಟಿದ್ದಾರೆ. ಮಅಬರ್ ಅಂದರೆ ಈಗಿನ ತಮಿಳುನಾಡಿನ ಕರಾವಳಿ. ಅಂದರೆ ಅಂದು ನಮ್ಮೂರಿನ ಉಸ್ತಾದರೂ ದೂರದಿಂದ ಬಂದವರೇ.

"ಅವರೆಲ್ಲ ಗಂಡಸರಲ್ವಾ ಉಸ್ತಾದರೇ" ಎನ್ನುವಿರಿ. ಮಹ್ರಮ್ ಇಲ್ಲದೆ ಹೆಣ್ಣು ದೂರ ಪ್ರಯಾಣ ಮಾಡಬಾರದು ಎಂಬ ಹದೀಸ್ ಉಂಟು. ಅದನ್ನು ನಾವು ಹಗುರ ಮಾಡುವುದಿಲ್ಲ. ಹೀರಾದಿಂದ ಕಅಬಾದವರೆಗೆ ಹೆಣ್ಣೊಬ್ಬಳು ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಪ್ರಯಾಣಿಸುವ ಕಾಲ ಬರುವುದೆಂದು ಪ್ರವಾದಿ(ಸ)ಯವರು ತಿಳಿಸಿದ್ದು ಕೂಡ ಬುಖಾರಿಯಲ್ಲುಂಟು. ಈ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಸಂಶಯವಿದ್ದವರು ತಮ್ಮ ಖಾಝಿಯವರಲ್ಲಿ ಕೇಳಲಿ. ಬಾಪನೋ ಅಣ್ಣನೋ ಜೊತೆಗೆ ಹೋಗಿ, ಅವಳು ಉಳಿಯುವ ಜಾಗ ನೋಡಿ, ನಂಬಿಕೆಯ ಸಹಶಿಕ್ಷಕಿಯರ ಜೊತೆ ಬಿಟ್ಟು ಬರಲಿ. ಆದರೆ "ಮುಂದೆ ಯಾರು ಮದುವೆಯಾಗ್ತಾರೆ" ಎಂಬ ಹೆದರಿಕೆಗೆ ದೀನಿನ ಹೆಸರು ಕೊಡುವುದು ಬೇಡ. ಅದು ಜನರ ಬಾಯಿಯ ಹೆದರಿಕೆ, ಅಷ್ಟೇ.

ನಮ್ಮ ನಿಜವಾದ ಭಯ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದ ಯುವ ಶಿಕ್ಷಕನೊಬ್ಬ ಏಜೆಂಟ್‌ನ ಮಾತು ನಂಬಿ ವಿಸಿಟ್ ವೀಸಾದಲ್ಲಿ ಹೊರಟ. "ಅಲ್ಲಿಗೆ ಮುಟ್ಟಿದ ಮೇಲೆ ಎಲ್ಲ ಸರಿಯಾಗ್ತದೆ" ಎಂದಿದ್ದರಂತೆ. ಎರಡು ತಿಂಗಳಲ್ಲಿ ಬರಿಗೈಯಲ್ಲಿ ವಾಪಸ್. ಉಮ್ಮನ ಬಳೆ ಬ್ಯಾಂಕಿನಲ್ಲೇ ಉಳಿಯಿತು. ಅವನಿಗೆ ದುಆ ಮಾಡಿ ಕಳುಹಿಸಿದವರು ನಾವೇ. ಕೈಯಲ್ಲಿದ್ದ ಕಾಗದವನ್ನು ಒಮ್ಮೆ ಓದಿ ನೋಡೋಣ ಅಂತ ನಮಗೂ ಹೊಳೆಯಲಿಲ್ಲ. ಗಂಡು ಹುಡುಗ ಅಲ್ವಾ, ಏನಾಗ್ತದೆ ಅಂತ ಸುಮ್ಮನಿದ್ದೆವು.

ಆದ್ದರಿಂದ ಹೆತ್ತವರೇ, ಮಗನಾಗಲಿ ಮಗಳಾಗಲಿ, ಮೊದಲು ಕಾಗದ ಓದಿ. ಯುಎಇಯಲ್ಲಿ ವಿಸಿಟ್ ವೀಸಾದಲ್ಲಿ ದುಡಿಯುವುದು ಕಾನೂನುಬಾಹಿರ. ಶಾಲೆಯೇ ಕೆಲಸದ ಪರವಾನಗಿ ಮಾಡಿಸಬೇಕು. ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ ಎಂದು ಅಲ್ಲಿನ ಕಾರ್ಮಿಕ ಕಾನೂನೇ ಹೇಳುತ್ತದೆ. ಇಲ್ಲಿಂದ ಕಳುಹಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಸರಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅದನ್ನು ನೋಡಬಹುದು. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಲಕ್ಷ ಕೇಳಿದರೆ ಅಲ್ಲಿಂದಲೇ ಸಲಾಂ ಹೇಳಿ ಎದ್ದು ಬನ್ನಿ.

ಪದವಿ ಸರ್ಟಿಫಿಕೇಟ್‌ಗೆ ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಹೀಗೆ ಒಂದೊಂದಾಗಿ ಅಟೆಸ್ಟೇಶನ್ ಆಗಬೇಕು. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಪ್ಪಂದದಲ್ಲಿ ಬೇಸಿಕ್ ಸಂಬಳ ಎಷ್ಟು ಅಂತ ಬೇರೆಯಾಗಿ ಬರೆದಿರಬೇಕು, ಯಾಕೆಂದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಬೇಸಿಕ್ ಮೇಲೆಯೇ ಲೆಕ್ಕ ಹಾಕುತ್ತಾರೆ. ಪ್ರೊಬೇಷನ್ ಆರು ತಿಂಗಳು ದಾಟುವಂತಿಲ್ಲ. ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು, ಇಟ್ಟುಕೊಳ್ಳುವ ಹಕ್ಕು ಯಾವ ಶಾಲೆಗೂ ಇಲ್ಲ.

ಇನ್ನೊಂದು ಮಾತು ಮನೆಯವರಿಗೆ. ಮಗಳ ಮೊದಲ ಸಂಬಳ ಬರುವ ಮೊದಲೇ ಮನೆಯ ಎರಡನೇ ಮಹಡಿ, ತಂಗಿಯ ಮದುವೆ, ಅಣ್ಣನ ಕಾರು ಅಂತ ಲೆಕ್ಕ ಹಾಕಬೇಡಿ. ಹೆಣ್ಣು ದುಡಿದದ್ದು ಅವಳದ್ದೇ ಎಂಬುದು ನಮ್ಮ ಶರೀಅತ್. ಮನಸ್ಸಾದರೆ ಕೊಡ್ತಾಳೆ. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು, ಕೆಲಸದ ಜಾಗ ಮತ್ತು ಮಲಗುವ ಕೋಣೆ ಬಿಟ್ಟು ಬೇರೇನೂ ನೋಡದೆ, ಸಕ್ಕರೆ ಕಾಯಿಲೆ ಹೊತ್ತು ಬಂದ ನಮ್ಮ ಕಾಕಂದಿರನ್ನು ಕಂಡಿದ್ದೇವೆ. ಮಕ್ಕಳಿಗೂ ಅದೇ ಗತಿ ಬೇಡ. ಜುಲೈ-ಆಗಸ್ಟ್ ರಜೆಯಲ್ಲಿ ನಾಲ್ಕು ಊರು ನೋಡಿ ಬಂದ ಟೀಚರ್ ತರಗತಿಯಲ್ಲಿ ಹೇಳುವ ಪಾಠವೇ ಬೇರೆ.

ಮೊನ್ನೆ ಆ ಉಮ್ಮ ಮತ್ತೆ ಬಂದರು. ಕೈಯಲ್ಲಿ ಮಗಳ ಆಫರ್ ಲೆಟರ್ ಇತ್ತು. "ಉಸ್ತಾದ್, ರೂಮು ಶಾಲೆಯವರೇ ಕೊಡ್ತಾರೆ ಅಂತ ಬಾಯಲ್ಲಿ ಹೇಳಿದ್ರಂತೆ. ಇದರಲ್ಲಿ ಬರೆದೇ ಇಲ್ಲವಲ್ಲ?" ಅಂದರು.

ಕೇಳಬೇಕಾದದ್ದು ಅದನ್ನೇ. ಬರೆದು ಕೊಡಲಿ, ಆಮೇಲೆ ದುಆಕ್ಕೆ ನಾವು ಬರುತ್ತೇವೆ ಅಂದೆವು.