ಡೊಂಬಿವಲಿ ಸೇತುವೆಯ ಮೇಲೆ ಎಡವಿದ ಕಾಲು

ಬೆಳಗಿನ ಹೊತ್ತು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಎಡವಿದರೆ ಯಾರೂ ತಿರುಗಿ ನೋಡುವುದಿಲ್ಲ. ಆ ನೂಕುನುಗ್ಗಲಲ್ಲಿ ಎಡವದವರು ಯಾರು? ನಾನೂ ಹಾಗೇ ಅಂದುಕೊಂಡಿದ್ದೆ. ಠಾಣೆಯಲ್ಲಿ ಲೋಕಲ್ ಬದಲಿಸಿ ಐರೋಲಿಯ ಕಚೇರಿ ಸೇರುವಷ್ಟರಲ್ಲಿ ಬಲಗಾಲಿನ ಚಪ್ಪಲಿ ಎರಡು ಸಲವಾದರೂ ಜಾರಿರುತ್ತಿತ್ತು. ಬೆನ್ನಿನ ತೊಂದರೆ ಎಂದರು. ದಿನವಿಡೀ ಕೂತು ಕೋಡ್ ಬರೆಯುವವನು ಅದನ್ನು ನಂಬದಿರುತ್ತಾನೆಯೇ? ಬೆಲ್ಟು, ಫಿಸಿಯೋಥೆರಪಿಗಳಲ್ಲಿ ಎರಡು ವರ್ಷ ಹೋಯಿತು. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಇನ್ನೊಬ್ಬ ವೈದ್ಯರು ಜೀನ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿದ್ದ ಹೆಸರು ಜಿಎನ್‌ಇ ಮಯೋಪತಿ.

ಎಂಟೆಕ್ ಓದಿದ ನಾನೂ ಕೇಳಿರದ ಹೆಸರು. ಹೆಚ್ಚಾಗಿ 20ರಿಂದ 40ರ ನಡುವೆ, ದುಡಿಯುವ ವಯಸ್ಸಿನಲ್ಲೇ ಇದು ಶುರುವಾಗುತ್ತದೆ. ಮೊದಲು ಪಾದದ ಮುಂಭಾಗ ಎತ್ತಲು ಬರುವುದಿಲ್ಲ. ವರ್ಷಗಳು ಕಳೆದಂತೆ ಕಾಲು, ಕೈಗಳು ಸೋಲುತ್ತವೆ. ತೊಡೆಯ ಮುಂಭಾಗದ ಸ್ನಾಯು ಮಾತ್ರ ಬಹುಕಾಲ ಗಟ್ಟಿಯಾಗಿರುತ್ತದೆ. ವೈದ್ಯರಿಗೆ ಅದೇ ಸುಳಿವು. ದೇಹದಲ್ಲಿ ಸಯಾಲಿಕ್ ಆಮ್ಲ ತಯಾರಾಗಲು ಬೇಕಾದ ಕಿಣ್ವದ ಜೀನಿನಲ್ಲಿ ದೋಷವಿದೆಯೆಂದು 2001ರಲ್ಲೇ ಗೊತ್ತಾಗಿದೆ. ಭಾರತದ ರೋಗಿಗಳ ಬಗ್ಗೆ ನಮ್ಮ ನಿಮ್ಹಾನ್ಸ್ ವೈದ್ಯರು ಜಪಾನಿನವರೊಡನೆ ಸೇರಿ 2013ರಲ್ಲಿ ಬರೆದಿದ್ದಾರೆ.

ವಾಸಿಮಾಡುವ ಔಷಧಿ ಇಲ್ಲ. ಸಯಾಲಿಕ್ ಆಮ್ಲದ ಮಾತ್ರೆಯೊಂದಕ್ಕೆ ಜಪಾನ್ 2024ರಲ್ಲಿ ಒಪ್ಪಿಗೆ ಕೊಟ್ಟಿತು, ಅಷ್ಟೆ. ‘ಹಾಗಿದ್ದರೆ ತಿಳಿದು ಏನು ಪ್ರಯೋಜನ?’ ಎಂದು ಸಹೋದ್ಯೋಗಿಯೊಬ್ಬ ಕೇಳಿದ. ಬೇಡದ ಆಪರೇಷನ್ ತಪ್ಪಿತು. ಪಾದಕ್ಕೆ ಆಧಾರಪಟ್ಟಿ ಬಂತು. ಲೋಕಲ್ಲಿನಲ್ಲಿ ಅಂಗವಿಕಲರ ಡಬ್ಬಿ ಹತ್ತಲು ಪ್ರಮಾಣಪತ್ರ ಸಿಕ್ಕಿತು (ಮೊದಲ ದಿನ ಹತ್ತಲು ನಾಚಿಕೆಯಾಯಿತು, ಸುಳ್ಳೇಕೆ).

ಅದಕ್ಕಿಂತ ದೊಡ್ಡ ಪ್ರಯೋಜನ ಹುಬ್ಬಳ್ಳಿಯ ಮನೆಯಲ್ಲಿತ್ತು. ಅವ್ವ, ಅಪ್ಪನಿಗೆ ಸೋದರತ್ತೆಯ ಮಗಳು. ಇಬ್ಬರಲ್ಲೂ ದೋಷವಿರುವ ಒಂದೊಂದು ಪ್ರತಿ ಇದ್ದರೆ ಅವರಿಗೆ ಏನೂ ಆಗುವುದಿಲ್ಲ, ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಮಾತ್ರ ನಾಲ್ಕರಲ್ಲಿ ಒಂದು. ಈಗ ತಂಗಿಗೆ ಸೋದರಮಾವನ ಮಗನನ್ನೇ ಗೊತ್ತು ಮಾಡುತ್ತಿದ್ದರು. ‘ಆಕಿ ಮದುವಿ ಆಗೂತನಕ ಯಾರ ಮುಂದೂ ಹೇಳಬ್ಯಾಡಪಾ’ ಎಂದಳು ಅವ್ವ. ಆರು ತಿಂಗಳು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ದೂರದ ಊರಿನಲ್ಲಿರುವ ನಮಗೆ ಮುಚ್ಚಿಡುವುದು ಸುಲಭ. ಫೋನಿನಲ್ಲಿ ನಡಿಗೆ ಕಾಣುವುದಿಲ್ಲವಲ್ಲ!

ಗಣೇಶನ ಹಬ್ಬಕ್ಕೆ ಹೋದಾಗ ತಂಗಿಗೆ ಹೇಳಿಬಿಟ್ಟೆ. ‘ಇದನ್ನ ನೀ ಮೊದಲ ಹೇಳಬೇಕಿತ್ತಲ್ಲೋ ಅಣ್ಣಾ’ ಎಂದಳು. ಮಾವನ ಮಗನಿಗೆ ಅವಳೇ ಫೋನ್ ಮಾಡಿದಳು. ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ. ವರದಿ ಬರುವವರೆಗೆ ನಿಶ್ಚಿತಾರ್ಥದ ದಿನ ಹಿಡಿಯುವುದು ಬೇಡವೆಂದು ಅವ್ವನೂ ಒಪ್ಪಿದ್ದಾಳೆ.