ಹೆಸರು ನಿನ್ನದಾದ ಮೇಲೆ

ಡಬ್ಬಿ ಚೆನ್ನಾಗಿದೆ ತಂಗೀ. ತಿಳಿಗುಲಾಬಿ ಬಣ್ಣ, ಅಯಸ್ಕಾಂತದ ಮುಚ್ಚಳ, ಮೇಲೆ ಚಿನ್ನದ ಅಕ್ಷರದಲ್ಲಿ ನಿನ್ನ ಹೆಸರು. ಒಳಗೆ ಸಾಲುಸಾಲಾಗಿ ಅಂಟಿಸಿಟ್ಟ ಕೃತಕ ರೆಪ್ಪೆಗೂದಲು, 8 ಮಿಲಿಮೀಟರಿನಿಂದ 15ರವರೆಗೆ, ಸಿ ಕರ್ಲ್, ಡಿ ಕರ್ಲ್ ಎಂಬ ಬಾಗುಗಳಲ್ಲಿ. ಜೊತೆಗೆ ಪುಟ್ಟ ಕಪ್ಪು ಬಾಟಲಿಯಲ್ಲಿ ಅಂಟು. ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿ ‘ನನ್ನ ಕನಸು, ನನ್ನದೇ ಬ್ರ್ಯಾಂಡ್’ ಎಂದು ಬರೆದಿದ್ದೀಯ. ನಾನು ಕೇಳುವುದು ಒಂದೇ: ಆ ಡಬ್ಬಿಯೊಳಗೆ ನಿನ್ನದು ಅಂತ ಏನಿದೆ?

ಸಿಟ್ಟಿನಿಂದ ಕೇಳುತ್ತಿಲ್ಲ. ಇನ್ನೊಬ್ಬರ ಪಾರ್ಲರಿನಲ್ಲಿ ದಿನವಿಡೀ ನಿಂತು ಥ್ರೆಡಿಂಗ್ ಮಾಡಿದವಳು ತನ್ನ ಹೆಸರಿನಲ್ಲೂ ಒಂದು ಸರಕು ಮಾರಬೇಕೆಂದು ಆಸೆಪಟ್ಟರೆ ತಪ್ಪೇನು? ಅಂದವಾಗಿ ಕಾಣುವ ಆಸೆಯನ್ನೇ ಹೀಗಳೆಯುವ ಉಪದೇಶಕರ ಸಾಲಿನಲ್ಲೂ ನಾನಿಲ್ಲ. ಅವರಲ್ಲಿ ಅನೇಕರು ತಲೆಗೆ ಡೈ ಹಚ್ಚಿಕೊಂಡೇ ವೇದಿಕೆ ಹತ್ತುವವರು. ಇನ್ನೊಬ್ಬರು ತಯಾರಿಸಿದ ಮಾಲಿಗೆ ತಮ್ಮ ಹೆಸರು ಹಚ್ಚಿ ಮಾರುವ ‘ಪ್ರೈವೇಟ್ ಲೇಬಲ್’ ವ್ಯಾಪಾರ ತೊಗರಿಬೇಳೆಯಿಂದ ಬನಿಯನ್ನಿನವರೆಗೆ ಎಲ್ಲ ಕಡೆ ನಡೆಯುತ್ತದೆ. ಆದರೆ ಬನಿಯನ್ನನ್ನು ಯಾರೂ ಕಣ್ಣಂಚಿಗೆ ಅಂಟಿಸಿಕೊಂಡು ಮಲಗುವುದಿಲ್ಲ.

ಮಾಲು ಬರುವ ದಾರಿ ನಿನಗೆ ಗೊತ್ತು. ವಾಟ್ಸ್‌ಆ್ಯಪಿನಲ್ಲಿ ಕ್ಯಾಟಲಾಗ್ ಬರುತ್ತದೆ, ನೀನು ಡಬ್ಬಿಯ ಬಣ್ಣ ಆರಿಸುತ್ತೀಯ, ಲೋಗೊ ಕಳಿಸುತ್ತೀಯ, ಕನಿಷ್ಠ ಇಷ್ಟು ಪೆಟ್ಟಿಗೆ ತೆಗೆದುಕೊಳ್ಳಬೇಕು ಎನ್ನುತ್ತಾರೆ, ದುಡ್ಡು ಕಟ್ಟುತ್ತೀಯ. ಅದೇ ರೆಪ್ಪೆ, ಅದೇ ಅಂಟು ಬೇರೆ ಬೇರೆ ಹೆಸರು ಹೊತ್ತು ಬೇರೆ ಬೇರೆ ಊರಿಗೆ ಹೋಗುತ್ತದೆ. ಬಹುಪಾಲು ಹೊರಡುವುದು ಚೀನಾದ ಶಾಂಡಾಂಗ್ ಪ್ರಾಂತ್ಯದ ಪಿಂಗ್ಡುವಿನಿಂದ. ಜಗತ್ತಿನ ಕೃತಕ ರೆಪ್ಪೆಗಳಲ್ಲಿ ಸುಮಾರು ಶೇ. 70 ತಮ್ಮದೇ ಎಂದು ಆ ಊರಿನವರು ಹೆಮ್ಮೆಪಡುತ್ತಾರೆ. ಹೆಮ್ಮೆಪಡಲಿ, ದುಡಿದಿದ್ದಾರೆ. ಆದರೆ ಪಿಂಗ್ಡುವಿನಿಂದ ಹೊರಟದ್ದೆಲ್ಲ ಪಿಂಗ್ಡುವಿನಲ್ಲೇ ಹುಟ್ಟಿದ್ದಲ್ಲ. ಉತ್ತರ ಕೊರಿಯಾದಲ್ಲಿ ಕೈಯಿಂದ ಮಾಡಿಸಿದ ರೆಪ್ಪೆಗಳು ಅಲ್ಲಿಗೆ ಬಂದು, ಡಬ್ಬಿ ಸೇರಿ, ಚೀನಾದ ಸರಕಾಗಿ ಹೊರಬೀಳುತ್ತಿವೆ ಎಂದು ರಾಯಿಟರ್ಸ್ 2024ರಲ್ಲಿ ವಿವರವಾಗಿ ವರದಿ ಮಾಡಿತು. 2023ರಲ್ಲಿ ಆ ದೇಶ ಚೀನಾಕ್ಕೆ ಕಳಿಸಿದ ವಿಗ್ಗು, ಗಡ್ಡ, ರೆಪ್ಪೆಗಳ ತೂಕ 1,680 ಟನ್. ಒಂದು ಜೋಡಿ ರೆಪ್ಪೆ ಎಷ್ಟು ಹಗುರವೆಂದು ನೆನೆದು ಆ ಟನ್ನುಗಳ ಹಿಂದಿನ ಬೆರಳುಗಳನ್ನು ಲೆಕ್ಕ ಹಾಕು. ಕೂಲಿ ಸಾಲದು ಎಂದು ಬಾಯಿಬಿಡಲಾಗದ ನಾಡಿನ ಬೆರಳುಗಳು ಅವು.

‘ನಾನು ಚಿಕ್ಕವಳು, ನನಗೆ ಹೇಗೆ ಗೊತ್ತಾಗಬೇಕು?’ ಎನ್ನುತ್ತೀಯ. ದೊಡ್ಡವರೂ ಇದನ್ನೇ ಹೇಳಿದರು. ಅಮೆರಿಕದ ಇ.ಎಲ್.ಎಫ್. ಕಾಸ್ಮೆಟಿಕ್ಸ್ 2012ರಿಂದ 2017ರವರೆಗೆ ಚೀನಾದ ಇಬ್ಬರು ಪೂರೈಕೆದಾರರಿಂದ 156 ಬಾರಿ ರೆಪ್ಪೆಯ ಕಿಟ್ಟುಗಳನ್ನು ತರಿಸಿತು. ಆ ಇಬ್ಬರು ಕೊಟ್ಟ ಕಿಟ್ಟುಗಳಲ್ಲಿ ಸುಮಾರು ಶೇ. 80ರಲ್ಲಿ ಉತ್ತರ ಕೊರಿಯಾದ ಸಾಮಗ್ರಿ ಇತ್ತು. ಅಮೆರಿಕ ನಿರ್ಬಂಧ ಹೇರಿದ ದೇಶದ ಮಾಲು ಅದು. ಕಂಪನಿ ತಾನಾಗಿಯೇ ವಿಷಯ ತಿಳಿಸಿತು; 2019ರ ಜನವರಿಯಲ್ಲಿ ಅಮೆರಿಕದ ಖಜಾನೆ ಇಲಾಖೆಗೆ 9,96,080 ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಅಷ್ಟು ವರ್ಷ ಆ ಕಂಪನಿ ತಪಾಸಣೆಯನ್ನೇ ಮಾಡಿರಲಿಲ್ಲವೇ? ಮಾಡಿತ್ತು. ಗುಣಮಟ್ಟ ನೋಡಿತ್ತು, ಕಚ್ಚಾಮಾಲು ನೋಡಿತ್ತು, ಸಿದ್ಧವಾದ ಸರಕು ನೋಡಿತ್ತು. ಎಲ್ಲಿಂದ ಬಂತು ಎಂಬುದನ್ನು ಮಾತ್ರ ಕೆದಕಿರಲಿಲ್ಲ.

ಇಂಡೊನೇಷ್ಯಾದ ಮಾಲಾದರೆ ಅದು ಮಧ್ಯ ಜಾವಾದ ಪುರ್ಬಲಿಂಗಾದ್ದಿರಬಹುದು. ಕಾರ್ಖಾನೆಯವರು ಹಳ್ಳಿಗಳಿಗೆ ಕೆಲಸ ಹಂಚುತ್ತಾರೆ. ಹೆಂಗಸರು ಮನೆಯಲ್ಲೇ ಕೂತು ಎಳೆ ಎಳೆಯನ್ನೂ ದಾರಕ್ಕೆ ಗಂಟು ಹಾಕುತ್ತಾರೆ. ನಮ್ಮ ಕರಾವಳಿಯ ಬೀಡಿಯ ಹಾಗೆ, ಕಟ್ಟಿದಷ್ಟಕ್ಕೇ ಕೂಲಿ. ಅಷ್ಟು ದೂರ ಯಾಕೆ, ಕೊಪ್ಪಳಕ್ಕೆ ಅಂಟಿಕೊಂಡಿರುವ ನಮ್ಮ ಭಾಗ್ಯನಗರ ಕೂದಲಿನ ಉದ್ಯಮಕ್ಕೇ ಹೆಸರಾದ ಊರು. ಮನೆಮನೆಯ ಬಾಚಣಿಗೆಯಿಂದ ಬಂದ ಸಿಕ್ಕುಗೂದಲನ್ನು ಬಿಡಿಸಿ, ಉದ್ದ ನೋಡಿ ವಿಂಗಡಿಸಿ ಹೊರಗೆ ಕಳಿಸುವ ಕೆಲಸ. ಸಿಕ್ಕು ಬಿಡಿಸುವ ಕೈಗಳು ಹೆಚ್ಚಾಗಿ ಹೆಂಗಸರವು. ರೆಪ್ಪೆಯ ಡಬ್ಬಿಯ ಮೇಲೆ ‘ಹಂಡ್ರೆಡ್ ಪರ್ಸೆಂಟ್ ಹ್ಯೂಮನ್ ಹೇರ್’ ಎಂದು ಬರೆದು ಮಾರುವವಳಿಗೆ ಆ ಕೂದಲು ಕೊಪ್ಪಳ ಜಿಲ್ಲೆಯದ್ದೋ, ತಿರುಪತಿಯಲ್ಲಿ ಮುಡಿ ಕೊಟ್ಟದ್ದೋ, ಎಲ್ಲಿಯದೋ ಗೊತ್ತಿಲ್ಲ. ಕೇಳಿದವರೂ ಇಲ್ಲ.

ಇನ್ನು ‘ಮಿಂಕ್’. ನಿನ್ನ ಡಬ್ಬಿಯ ಮೇಲೂ ಇದೆಯಲ್ಲ, ‘ಮಿಂಕ್, ಕ್ರುಯೆಲ್ಟಿ ಫ್ರೀ’ ಎಂದು? ಎರಡರಲ್ಲಿ ಒಂದಂತೂ ಸುಳ್ಳು. ಈ ಹೆಸರಿನಲ್ಲಿ ಮಾರುವ ಬಹಳಷ್ಟು ರೆಪ್ಪೆ ಪಿ.ಬಿ.ಟಿ. ಎಂಬ ಪ್ಲಾಸ್ಟಿಕ್ ನಾರು. ಪ್ರಾಣಿಯ ಸೋಂಕೂ ಅದಕ್ಕಿಲ್ಲ. ನಿಜವಾಗಿ ಮಿಂಕ್ ಆಗಿದ್ದರೆ, ಅದು ಒಂಟಿಯಾಗಿ ನೀರಿನ ಬದಿಯಲ್ಲಿ ಬದುಕುವ ಜೀವಿಯನ್ನು ತಂತಿಯ ಗೂಡಿನಲ್ಲಿ ಸಾಕಿ ತೆಗೆದ ತುಪ್ಪಳ. ಮೈ ಬಾಚಿ ಉದುರಿದ ಕೂದಲನ್ನು ಆರಿಸಿಕೊಂಡೆವು ಎಂಬ ಕಥೆಯನ್ನು ಮಾರಾಟಗಾರರು ಹೇಳುತ್ತಾರೆ. ಹತ್ತಿರ ಹೋದರೆ ಕಚ್ಚುವ ಪ್ರಾಣಿಯನ್ನು ಯಾರು ಕೂತು ಬಾಚುತ್ತಾರೆ? ಮಿಂಕ್, ನರಿ, ಚಿಂಚಿಲ್ಲಾಗಳ ತುಪ್ಪಳದ ಆಮದನ್ನು ಭಾರತ 2017ರಲ್ಲೇ ನಿಷೇಧಿಸಿದೆ. ಹಾಗಾಗಿ ನೀನು ಒಂದೋ ಪ್ಲಾಸ್ಟಿಕ್ಕಿಗೆ ಪ್ರಾಣಿಯ ಹೆಸರು ಹೇಳಿ ಮಾರುತ್ತಿದ್ದೀಯ, ಇಲ್ಲವೇ ಪ್ರಾಣಿಯನ್ನೇ ಕರುಣೆಯ ಹೆಸರಿನಲ್ಲಿ ಮಾರುತ್ತಿದ್ದೀಯ. ಪ್ಲಾಸ್ಟಿಕ್ ಎಂದೇ ಬರೆದರೆ ವ್ಯಾಪಾರ ಬಿದ್ದುಹೋಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನನ್ನ ನಿಜವಾದ ಭಯ ಇರುವುದು ಆ ಕಪ್ಪು ಬಾಟಲಿಯಲ್ಲಿ. ರೆಪ್ಪೆಗೆ ಕೃತಕ ಎಳೆ ಅಂಟಿಸುವ ಎಕ್ಸ್‌ಟೆನ್ಶನ್ನಿಗೆ ಬಳಸುವ ಅಂಟು ಸಯನೊಅಕ್ರಿಲೇಟ್, ಫೆವಿಕ್ವಿಕ್ಕಿನ ಕುಲದ್ದೇ. ತೇವ ತಾಗಿದರೆ ಗಟ್ಟಿಯಾಗುವುದು ಅದರ ಗುಣ. ಕಣ್ಣೋ ಸದಾ ತೇವ. ಒಣಗುವಾಗ ಏಳುವ ಆವಿ ನೇರ ಕಣ್ಣಿಗೇ ತಾಗುತ್ತದೆ. ಅಂಟು ವಿಘಟನೆಯಾದಾಗ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಜಪಾನಿನ ವೈದ್ಯರು ರೆಪ್ಪೆ ಹಚ್ಚಿಸಿಕೊಂಡು ಕಣ್ಣು ಕೆಡಿಸಿಕೊಂಡು ಬಂದ 107 ಮಹಿಳೆಯರ ಪ್ರಕರಣಗಳನ್ನು 2012ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಕಾರ್ನಿಯಾ ಮತ್ತು ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆಯ ಉರಿಯೂತ, ಉಳಿದವರಲ್ಲಿ ಬಹುಪಾಲು ಜನರಿಗೆ ಅಲರ್ಜಿಯಿಂದ ರೆಪ್ಪೆಯ ಊತ. ಪರೀಕ್ಷೆಗೆ ಹಾಕಿದ ಅಂಟುಗಳಲ್ಲಿ ಫಾರ್ಮಾಲ್ಡಿಹೈಡ್ ಸಿಕ್ಕಿತು. ಅದೇ ಜಪಾನಿನಲ್ಲಿ ರೆಪ್ಪೆ ಹಚ್ಚುವವರಿಗೆ ಬ್ಯೂಟಿಷಿಯನ್ ಲೈಸೆನ್ಸ್ ಇರಲೇಬೇಕೆಂದು ಸರ್ಕಾರ 2008ರಲ್ಲೇ ಸ್ಪಷ್ಟಪಡಿಸಿತ್ತು. ನಮ್ಮಲ್ಲಿ ಕೊರಿಯರ್ ವಿಳಾಸ ಇದ್ದರೆ ಸಾಕು.

ಉದ್ದದ ಹುಚ್ಚಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಜಾರ್ಜಿಯಾ ಟೆಕ್ಕಿನವರು 22 ಬಗೆಯ ಸಸ್ತನಿಗಳ ರೆಪ್ಪೆ ಅಳೆದು 2015ರಲ್ಲಿ ಕಂಡುಕೊಂಡದ್ದು ಇದು: ಕಣ್ಣಿನ ಅಗಲದ ಮೂರನೇ ಒಂದು ಭಾಗದಷ್ಟು ಉದ್ದದ ರೆಪ್ಪೆ ಗಾಳಿಯನ್ನು ಬದಿಗೆ ಸರಿಸಿ ಕಣ್ಣು ಒಣಗದಂತೆ ಕಾಯುತ್ತದೆ, ಅದಕ್ಕಿಂತ ಉದ್ದವಾದರೆ ಗಾಳಿಯನ್ನು ಕಣ್ಣಿನತ್ತಲೇ ಹಾಯಿಸುತ್ತದೆ. 15 ಮಿಲಿಮೀಟರಿನ ರೆಪ್ಪೆ ಕೇಳುವ ಮದುಮಗಳಿಗೆ ಇದನ್ನು ಹೇಳಿದವರುಂಟೇ?

ಕಣ್ಣಿನ ಅಲಂಕಾರ ಪ್ರಾಣಕ್ಕೂ ಬಂದದ್ದಿದೆ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಯ ಬಣ್ಣ ಮಾರಾಟದಲ್ಲಿತ್ತು. ಮುದ್ದಾದ ಹೆಸರು. ಒಳಗೆ ಇದ್ದದ್ದು ಪ್ಯಾರಾಫಿನೈಲೀನ್‌ಡೈಅಮೀನ್, ಇಂದಿಗೂ ಕಪ್ಪು ಹೇರ್ ಡೈಯಲ್ಲಿ ಇರುವ ಅದೇ ರಾಸಾಯನಿಕ. ಹಚ್ಚಿಸಿಕೊಂಡ ಕೆಲವು ಹೆಂಗಸರ ಕಣ್ಣು ಹೋಯಿತು, ಒಬ್ಬಾಕೆಯ ಜೀವವೇ ಹೋಯಿತು. ಆಗಿನ ಕಾನೂನಿಗೆ ಸೌಂದರ್ಯ ಸಾಧನಗಳ ಮೇಲೆ ಅಧಿಕಾರವೇ ಇರಲಿಲ್ಲ, ಮಾರಿದವರನ್ನು ತಡೆಯಲಾಗಲಿಲ್ಲ. ಆ ಹೆಂಗಸರ ಚಿತ್ರಗಳನ್ನು ಜನರಿಗೆ ತೋರಿಸಿದ ಮೇಲೆ, 1938ರಲ್ಲಿ, ಅಮೆರಿಕಕ್ಕೆ ಹೊಸ ಕಾನೂನು ಬಂತು.

ನಮಗೆ ಕಾನೂನು ಬಂದಾಗಿದೆ. 2020ರ ಜುಲೈನಲ್ಲಿ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ತೆಗೆದು ನೋಡು. ಇನ್ನೊಬ್ಬರು ಮಾಡಿದ ಸರಕಿನ ಮೇಲೆ ತನ್ನ ಗುರುತು ಹಾಕಿದವರೂ ಅದರ ಕಣ್ಣಿನಲ್ಲಿ ತಯಾರಕರೇ. ಬಳಸುವ ಕ್ರಮ ತಿಳಿಸದಿದ್ದರೆ, ಅಪಾಯದ ಎಚ್ಚರಿಕೆ ಕೊಡದಿದ್ದರೆ ಹೊಣೆ ತಯಾರಕರದ್ದು. ‘ನಾನು ಬರೀ ರೀಸೆಲ್ಲರ್’ ಎಂಬ ಮಾತು ನಿನ್ನ ಹೆಸರು ಅಚ್ಚಾದ ಗಳಿಗೆಗೇ ಸತ್ತಿತು. ಆಮದು ಮಾಡಿದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ ಇರಬೇಕೆಂಬ ನಿಯಮವೂ ಇದೆ. ಆದರೂ ಎಷ್ಟು ಡಬ್ಬಿಗಳ ಹಿಂಬದಿ ಖಾಲಿ! ಮುಂದೆ ಚಿನ್ನದ ಅಕ್ಷರ, ಹಿಂದೆ ಏನೂ ಇಲ್ಲ.

ಇಲ್ಲಿ ನಿನ್ನೊಬ್ಬಳನ್ನೇ ನಿಲ್ಲಿಸಿ ಬೈದರೆ ಅನ್ಯಾಯ. ‘ವಾರದಲ್ಲಿ ನಿಮ್ಮದೇ ಬ್ಯೂಟಿ ಬ್ರ್ಯಾಂಡ್ ಕಟ್ಟಿ’ ಎಂದು ಕೋರ್ಸ್ ಮಾರುವ ಮಹನೀಯರೇ, ಲೋಗೊ, ರೀಲ್ಸು, ಮಾರ್ಜಿನ್ ಎಲ್ಲ ಕಲಿಸಿದಿರಿ. ಅಂಟಿನ ಬಗ್ಗೆ ಒಂದು ಗಂಟೆಯ ಪಾಠ ಯಾಕಿಲ್ಲ? ಮದುವೆ ಮೇಕಪ್ಪಿನ ಅಕ್ಕಂದಿರೇ, ಮುಹೂರ್ತದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ, ಒಂದು ಚುಕ್ಕೆ ಅಂಟನ್ನೂ ಮೊದಲೇ ಹಚ್ಚಿ ನೋಡದೆ, ನಾಳೆ ನೂರಾರು ಜನರೆದುರು ಕೂರಬೇಕಾದ ಹುಡುಗಿಯ ಕಣ್ಣಿಗೆ ಕೈ ಹಾಕುವ ಧೈರ್ಯ ನಿಮಗೆ ಎಲ್ಲಿಂದ ಬರುತ್ತದೆ? ಕೊಳ್ಳುವವರೇ, ಸೀರೆ ಕೊಳ್ಳುವಾಗ ಸೆರಗು ಮಗುಚಿ ಜರಿ ನೋಡುತ್ತೀರಿ. ಈ ಡಬ್ಬಿಯನ್ನೂ ಮಗುಚಿ ನೋಡಿ. ಹಿಂದೆ ಹೆಸರಿಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ತಂಗೀ, ಇವತ್ತೇ ಸಪ್ಲೈಯರನಿಗೆ ಬರೆ. ನಾರು ಯಾವುದು, ಯಾವ ದೇಶದಲ್ಲಿ ಯಾರ ಕೈಯಲ್ಲಿ ಕಟ್ಟಿಸಿದ್ದು, ಅಂಟನ್ನು ಮಾಡಿದ ಕಾರ್ಖಾನೆ ಯಾವುದು, ಅದರಲ್ಲಿ ಏನೇನಿದೆ, ಬ್ಯಾಚ್ ನಂಬರ್ ಎಲ್ಲಿ, ತಯಾರಾದ ತಿಂಗಳು ಯಾವುದು. ‘ಡೋಂಟ್ ವರಿ ಡಿಯರ್, ಬೆಸ್ಟ್ ಕ್ವಾಲಿಟಿ’ ಎಂಬ ಉತ್ತರ ಬಂದರೆ ಅದು ಉತ್ತರವೆಂದು ತಿಳಿಯಬೇಡ, ಮುಂದಿನ ಆರ್ಡರ್ ನಿಲ್ಲಿಸು. ಬರವಣಿಗೆಯಲ್ಲಿ ಕೊಡುವವರು ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅವರನ್ನು ಹಿಡಿದುಕೋ, ನಿನ್ನ ಬೆಲೆಯನ್ನೂ ಏರಿಸು. ಯಾಕೆ ಏರಿಸಿದೆ ಎಂದು ಗಿರಾಕಿಗೆ ಕನ್ನಡದಲ್ಲಿ ಹೇಳು. ಡಬ್ಬಿಯೊಳಗೆ ಕನ್ನಡದಲ್ಲೇ ಒಂದು ಚೀಟಿ ಹಾಕು: ಒಂದೆರಡು ದಿನ ಮೊದಲು ಚುಕ್ಕೆಯಷ್ಟು ಹಚ್ಚಿ ನೋಡಿ, ಕಲಿತವರ ಕೈಯಲ್ಲೇ ಹಚ್ಚಿಸಿಕೊಳ್ಳಿ, ಉರಿ ಬಂದರೆ ಎಳೆದು ಕೀಳದೆ ಕಣ್ಣಿನ ಡಾಕ್ಟರ ಬಳಿ ಹೋಗಿ.

ಮಂಚದ ಕೆಳಗೆ ಈಗಾಗಲೇ ತುಂಬಿಟ್ಟಿರುವ ಮಾಲಿಗೆ ಏನು ಮಾಡಲಿ ಎನ್ನುತ್ತೀಯ. ‘ಮಿಂಕ್’ ಎಂಬಲ್ಲಿ ಸ್ಟಿಕ್ಕರ್ ಹಚ್ಚಿ ನಾರಿನ ನಿಜವಾದ ಹೆಸರು ಬರೆ. ಹಿಂಬದಿಗೆ ನಿನ್ನ ವಿಳಾಸ, ಫೋನ್ ನಂಬರ್, ಬಂದ ದೇಶ ಅಚ್ಚು ಹಾಕಿಸು. ಅದಕ್ಕೆ ಅಂಜಿಕೆಯಾದರೆ ಮಾರಬೇಡ. ಯಾರು ಮಾಡಿದರೆಂದು ಗೊತ್ತಿಲ್ಲದ ಆ ಅಂಟಿನ ಬಾಟಲಿಗಳ ದುಡ್ಡು ಹೋಯಿತು, ಹೋಗಲಿ. ಅವನ್ನು ಅರ್ಧ ಬೆಲೆಗೂ ಮಾರಬೇಡ, ಪುಕ್ಕಟೆಯಾಗಿಯೂ ಯಾರ ಕೈಗೂ ಕೊಡಬೇಡ.